ಗೇಟಿನ ಮುಂದೆ ನಿಂತ ಗಾಡಿ

ಫೆಬ್ರವರಿ 4

ಅಂತೂ ಗಾಡಿ ಬಂತು. ಠಾಣೆಯಲ್ಲಿ ಎಲ್ಲರೂ ಕಣ್ಣಿಟ್ಟಿದ್ದ ಪೊಲೀಸ್ ಗಾಡಿ ಇವರ ಪಾಲಿಗೆ ಸಿಕ್ಕಿದೆ. ಇನ್ನು ಡ್ಯೂಟಿ ಮುಗಿದ ಮೇಲೆ ಅದನ್ನು ಠಾಣೆಯಲ್ಲಿ ಬಿಟ್ಟು ಬಸ್ಸಿಗೆ ಕಾಯಬೇಕಾಗಿಲ್ಲ, ಮನೆಗೇ ತಂದು ನಿಲ್ಲಿಸಿಕೊಳ್ಳಬಹುದು. ತುರ್ತು ಕರೆ ಬಂದರೆ ಮನೆಯಿಂದಲೇ ಹೊರಡಲಿ, ಬೀದಿಯಲ್ಲಿ ಗಾಡಿ ನಿಂತಿದ್ದರೆ ಕಳ್ಳಕಾಕರಿಗೂ ಒಂದು ಭಯವಿರಲಿ ಎಂಬುದು ಇಲಾಖೆಯ ಲೆಕ್ಕಾಚಾರವಂತೆ. ಲೆಕ್ಕಾಚಾರ ಏನಾದರೂ ಇರಲಿ, ಅದು ಗೇಟಿನ ಮುಂದೆ ನಿಂತ ಮೇಲೆ ಬಣ್ಣ ಮಾಸಿದ ನಮ್ಮ ಮನೆಗೂ ಒಂದು ಕಳೆ ಬಂದಿದೆ.

ಪಕ್ಕದ ಮನೆ ಅಕ್ಕ ಕಸ ಹಾಕುವ ನೆಪದಲ್ಲಿ ಹೊರಗೆ ಬಂದವರು ಒಳಗೆ ಹೋಗಲೇ ಇಲ್ಲ. ಇನ್ನು ನಮ್ಮ ಬೀದಿಯವರಿಗೆಲ್ಲ ನಿಶ್ಚಿಂತೆಯ ನಿದ್ದೆ ಅಂದರು. ನಾನು ಇದೆಲ್ಲ ಮಾಮೂಲು ಎನ್ನುವ ಹಾಗೆ ತಲೆಯಾಡಿಸಿದೆ. ಒಳಗೊಳಗೆ ಎಷ್ಟು ಬೀಗಿದೆ ಅನ್ನುವುದು ನನಗೇ ಗೊತ್ತು.

ಸಂಜೆ ಒಂದು ಸುತ್ತು ಹೋಗಿಬರೋಣ ಎಂದು ಗಾಡಿಯ ಮುಂದಿನ ಬಾಗಿಲಿಗೆ ಕೈ ಹಾಕಿದೆ. ಇವರು ನಗುತ್ತಲೇ ಕೈ ಬಿಡಿಸಿದರು.

"ಇದು ಸರ್ಕಾರದ ಗಾಡಿ ಕಣೇ. ಮನೆಯವರು ಕೂರೋ ಹಾಗಿಲ್ಲ."

"ಹಾಗಾದ್ರೆ ನಾನು ಏನಾದ್ರೂ ಕದ್ದು ಸಿಕ್ಕಿಬಿದ್ರೆ ಕೂರಿಸ್ತೀರಾ?"

"ಆಗ ಹಿಂದಿನ ಸೀಟು."

ಕಿಟಕಿಯಲ್ಲಿ ನಿಂತಿದ್ದ ಅಮ್ಮನಿಗೂ ನಗು ಬಂತು. ಅಳಿಯನೆಂದರೆ ಅವಳಿಗೆ ಮೊದಲಿಂದಲೂ ಪ್ರಾಣ. ಅಪ್ಪ ಹೋದ ಮೇಲೆ ಒಂದು ಮಾತೂ ಎದುರಾಡದೆ ಅವಳನ್ನು ಮನೆಗೆ ಕರೆಸಿಕೊಂಡವರಲ್ಲವೇ. ನಿಯತ್ತಿನ ಮನುಷ್ಯ ಕಣೇ, ನಿನ್ನ ಪುಣ್ಯ ಅಂದಳು. ನನಗೂ ಹಾಗೇ ಅನ್ನಿಸಿತು.

ಫೆಬ್ರವರಿ 21

ಇವತ್ತು ಎರಡು ಕೈಯಲ್ಲೂ ಭಾರದ ಚೀಲ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಇವರ ಗಾಡಿ ಬಂತು. ನಿಧಾನ ಮಾಡಿದರು, ನೋಡಿದರು, ಮನೇಲಿ ಸಿಗೋಣ ಅಂದು ಹೊರಟೇಬಿಟ್ಟರು. ನನ್ನನ್ನು ಬೇಡ, ಚೀಲವನ್ನಾದರೂ ಹಾಕಿಕೊಳ್ಳಬಹುದಿತ್ತು. ಚೀಲವೂ ಮನೆಯವರ ಲೆಕ್ಕಕ್ಕೇ ಬರುತ್ತದೋ ಏನೋ! ಸ್ಟಾಪಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು.

ಮೊದಲು ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ನಗು ಬಂತು. ಮಾರನೇ ದಿನಕ್ಕೆ ಇದು ಅಂಗಡಿಯಲ್ಲಿ ಹೇಳಿಕೊಳ್ಳುವ ಕಥೆಯಾಗುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬರುವವರು ಕಣ್ಣು ಕಾಣದೆ ಬರುತ್ತಾರೆ, ಆದರೆ ಕಿವಿ ಎಲ್ಲರಿಗೂ ಚುರುಕು. ಇಂಥ ಪೊಲೀಸರು ಇನ್ನೂ ಇದ್ದಾರಾ ಎಂದು ಅಂಗಡಿ ಯಜಮಾನರು ಬಾಯಿ ಬಿಡಲಿ.

ಮಾರ್ಚ್ 9

ಅಮ್ಮನಿಗೆ ಲಕ್ವ ಹೊಡೆದಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಿಡುತ್ತಿಲ್ಲ.

ಮಾರ್ಚ್ 12

ಜೀವಕ್ಕೆ ಅಪಾಯವಿಲ್ಲವಂತೆ. ಬಲಗೈ ಹೋಗಿದೆ. ಮಾತು ಬರಬಹುದು, ತಡವಾಗುತ್ತದೆ.

ಆ ದಿನ ಬೆಳಿಗ್ಗೆ ಅಮ್ಮ ಲೋಟ ಹಿಡಿದುಕೊಳ್ಳಲಾರದೆ ಬೀಳಿಸಿದಳು. ಒರೆಸಲು ಬಗ್ಗಿದ ನಾನು ತಲೆ ಎತ್ತಿ ನೋಡಿದರೆ ಅವಳ ಬಾಯಿ ಒಂದು ಕಡೆ ವಾಲಿದೆ. ಇವರಿಗೆ ಅಂದು ವಾರದ ರಜೆ, ಗಡ್ಡ ಹೆರೆದುಕೊಳ್ಳುತ್ತಿದ್ದರು. ಗಾಡಿ ತೆಗೀರಿ ಅಂದೆ. ಇವರು ಮುಖ ಒರೆಸಿಕೊಂಡು ಬಂದು ಅಮ್ಮನನ್ನು ನೋಡಿದರು, ನಾಡಿ ಹಿಡಿದರು.

"ಅದ್ರಲ್ಲಿ ಕೂರಿಸೋ ಹಾಗಿಲ್ಲ, ನಿಂಗೆ ಗೊತ್ತಲ್ಲ. ಟ್ಯಾಕ್ಸಿಗೆ ಹೇಳ್ತೀನಿ, ಈಗ ಬರುತ್ತೆ."

ಟ್ಯಾಕ್ಸಿಯವನು ಇನ್ನೇನು ಬಂದೆ ಅಂದ. ಅವನ ಇನ್ನೇನು ಎಂದರೆ ಏನೋ ಆ ದೇವರಿಗೇ ಗೊತ್ತು. ಆಂಬ್ಯುಲೆನ್ಸಿಗೂ ಫೋನ್ ಮಾಡಿದೆವು, ಅದು ಊರಿನ ಆ ತುದಿಯಲ್ಲಿತ್ತು. ಟ್ಯಾಕ್ಸಿ ಬಂದರೆ ಕಾಣಲಿ ಎಂದು ಅಮ್ಮನನ್ನು ಹೊರಗೇ ಕರೆತಂದೆವು. ಒಂದು ಕಡೆ ನಾನು ಹಿಡಿದಿದ್ದೆ, ಇನ್ನೊಂದು ಕಡೆ ಅವಳು ಗಾಡಿಯ ಬಾನೆಟ್ ಮೇಲೆ ಕೈ ಊರಿ ನಿಂತಿದ್ದಳು. ಇವರು ರಸ್ತೆಯ ತಿರುವಿನವರೆಗೆ ಓಡಿ ಓಡಿ ನೋಡಿ ಬರುತ್ತಿದ್ದರು, ಪಾಪ. ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ.

ಇನ್ನೂ ಸ್ವಲ್ಪ ಬೇಗ ಕರೆತಂದಿದ್ದರೆ ಕೈ ಉಳಿಯುತ್ತಿತ್ತೇನೋ ಎಂದು ಡಾಕ್ಟರಮ್ಮ ಅಂದರು. ಆ ಟ್ಯಾಕ್ಸಿಯವನು ನನ್ನ ಕಣ್ಣಿಗೆ ಬೀಳಲಿ, ಅವನ ಜನ್ಮ ಜಾಲಾಡಿಬಿಡುತ್ತೇನೆ. ಕಾರಿಡಾರಿನಲ್ಲಿ ಪಕ್ಕದ ಮನೆ ಅಕ್ಕ, ಗಾಡಿ ಅಲ್ಲೇ ಇತ್ತಲ್ಲಾ ಎಂದು ರಾಗ ಎಳೆದರು. ನಾನು ಕಡ್ಡಿ ಮುರಿದ ಹಾಗೆ ಹೇಳಿದೆ, ನಿಯಮ ಅಂದ ಮೇಲೆ ನಿಯಮ ಅಕ್ಕಾ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಇರುವುದಿಲ್ಲ.

ಏಪ್ರಿಲ್ 3

ಅಮ್ಮ ಮನೆಗೆ ಬಂದಿದ್ದಾಳೆ. ಒಂದೊಂದು ಪದವನ್ನೂ ಹುಡುಕಿ ತೆಗೆದು ಆಡುತ್ತಾಳೆ. ಎಡಗೈಯಲ್ಲಿ ಊಟ ಮಾಡುವಾಗ ಅರ್ಧ ಮಡಿಲಿಗೆ, ಅರ್ಧ ಬಾಯಿಗೆ. ಸಹಾಯಕ್ಕೆ ಹೋದರೆ ಸಿಡುಕುತ್ತಾಳೆ. ಸಿಡುಕಲು ಮಾತ್ರ ಪದಗಳು ಸಲೀಸಾಗಿ ಸಿಗುತ್ತವೆ.

ಶನಿವಾರ ಶನಿವಾರ ದೊಡ್ಡಾಸ್ಪತ್ರೆಯಲ್ಲಿ ಫಿಸಿಯೋಥೆರಪಿ. ಎರಡು ಬಸ್ ಬದಲಾಯಿಸಬೇಕು. ಹತ್ತುವಾಗ ಕಂಡಕ್ಟರ್ ಬೇಗ ಬೇಗ ಅನ್ನುತ್ತಾನೆ, ಅಮ್ಮ ಅವನನ್ನು ದುರುಗುಟ್ಟಿ ನೋಡುತ್ತಾಳೆ. ಟ್ಯಾಕ್ಸಿ ಬೇಡ ಅನ್ನುತ್ತಾಳೆ. ಯಾಕೆ ಎಂದು ನಾನೂ ಕೇಳಲಿಲ್ಲ.

ಶನಿವಾರ ಇವರೂ ಜೊತೆಗೆ ಬಂದರೆ ಅಮ್ಮನನ್ನು ಹತ್ತಿಸಿ ಇಳಿಸಲು ಎಷ್ಟು ಅನುಕೂಲವಾಗುತ್ತಿತ್ತು. ಆದರೆ ರಜೆಯ ದಿನವೂ ಏನೋ ಸ್ಪೆಷಲ್ ಕೆಲಸವಂತೆ, ಗಾಡಿ ತೆಗೆದುಕೊಂಡು ಹೋಗುತ್ತಾರೆ. ಪ್ಯಾಂಟಿನ ತುಂಬ ಬಿಳಿ ಕೂದಲು. ಶ್ವಾನದಳದ ಜೊತೆ ಡ್ಯೂಟಿ ಅಂದರು. ಒಗೆದರೂ ಬಿಡದ ಕೂದಲು ಅದು. ದೇಶಸೇವೆ ಎಂದುಕೊಂಡು ಒಂದೊಂದೇ ಕಿತ್ತೆ.

ಏಪ್ರಿಲ್ 17

ನಾಯಿ ಡಾಕ್ಟರ ಹತ್ತಿರ ಕೆಲಸ ಮಾಡುವ ಹೆಂಗಸೊಬ್ಬಳು ಇವತ್ತು ಅಂಗಡಿಗೆ ಬಂದಿದ್ದಳು. ಯಾವುದೋ ನಾಯಿ ಎಗರಿದ ರಭಸಕ್ಕೆ ಕನ್ನಡಕದ ಕಡ್ಡಿ ಸೊಟ್ಟಗಾಗಿತ್ತು. ಅದನ್ನು ಬಿಸಿ ಮಾಡಿ ಬಗ್ಗಿಸುತ್ತ ಮಾತಿಗೆ ಮಾತು ಬೆಳೆಯಿತು. ನನ್ನ ಗಂಡ ಪೊಲೀಸ್ ಎಂದು ಯಜಮಾನರು ನಡುವೆ ಬಾಯಿ ಹಾಕಿದರು. ಅವಳ ಮುಖ ಅರಳಿತು.

ನಮ್ಮಲ್ಲಿಗೂ ಒಬ್ಬರು ಪೊಲೀಸ್ ಬರುತ್ತಾರೆ, ಎಷ್ಟು ಒಳ್ಳೆಯವರು ಗೊತ್ತಾ ಅಂದಳು. ಪ್ರತಿ ಶನಿವಾರ ಪೊಲೀಸ್ ಗಾಡಿಯಲ್ಲಿ ಒಂದು ದೊಡ್ಡ ಬಿಳಿ ನಾಯಿಯನ್ನು ಕರೆತರುತ್ತಾರಂತೆ. ವಯಸ್ಸಾದ ನಾಯಿ, ಹಿಂಗಾಲಿಗೆ ಬಲವಿಲ್ಲ. ಹಿಂದಿನ ಸೀಟಿನಿಂದ ಎತ್ತಿಕೊಂಡೇ ಇಳಿಸುತ್ತಾರೆ, ಅದರ ಕಾಲು ನೀವುತ್ತಾ ಕೂತಿರುತ್ತಾರೆ. ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ ಅಂದಳು.

ಹುಬ್ಬಿನ ಮೇಲೆ ಗಾಯ. ಮದುವೆಯಾದ ಹೊಸದರಲ್ಲಿ ಕಪಾಟಿನ ಬಾಗಿಲು ತಗುಲಿ ಆದದ್ದು, ಹತ್ತಿ ಒತ್ತಿ ಹಿಡಿದವಳು ನಾನೇ. ನಿಮ್ಮ ಆಸ್ಪತ್ರೆ ಎಲ್ಲಿ ಬರುತ್ತದೆ ಎಂದು ಕೇಳಿದೆ. ದೊಡ್ಡಾಸ್ಪತ್ರೆಯ ಪಕ್ಕದ ಓಣಿಯಲ್ಲೇ, ಹಸಿರು ಬಾಗಿಲು ಅಂದಳು.

ಕಡ್ಡಿ ಬಗ್ಗಿಸಲು ಹೋಗಿ ಮುರಿದೇಬಿಟ್ಟೆ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಮುರಿದದ್ದು ಇದೇ ಮೊದಲು.

ಏಪ್ರಿಲ್ 18

ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತೇನೋ, ಜಗಳವಾಡಲು ಒಂದು ದಾರಿಯಿರುತ್ತಿತ್ತು.

ನಾಯಿ ದೊಡ್ಡ ಸಾಹೇಬರದು. ಸಾಹೇಬರ ಹೆಂಡತಿಗೆ ಅದರ ಮೇಲೆ ಜೀವವಂತೆ, ಬೇರೆ ಯಾರ ಗಾಡಿಯಲ್ಲೂ ಕೂರುವುದಿಲ್ಲವಂತೆ ಆ ನಾಯಿ ಮಹಾರಾಯ. ಈ ವರ್ಷ ಬಡ್ತಿ ಇದೆ, ಸಾಹೇಬರಿಗೆ ಆಗುವುದಿಲ್ಲ ಅನ್ನುವುದು ಹೇಗೆ ಎಂದು ನನ್ನನ್ನೇ ಕೇಳಿದರು. ಅಮ್ಮ ಬಸ್ಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅದೇ ಆಸ್ಪತ್ರೆಯ ಓಣಿಯಲ್ಲಿ ನಾಯಿಯನ್ನು ಎತ್ತಿ ಇಳಿಸುತ್ತಿದ್ದಿರಲ್ಲ, ಒಂದು ದಿನವೂ ಏನೂ ಅನ್ನಿಸಲಿಲ್ಲವಾ ಅಂದೆ.

ಮೇಲಿನವರ ಮಾತು, ಅವರಾದರೂ ಏನು ಮಾಡುತ್ತಾರೆ. ನೌಕರಿ ಎಂದರೆ ಹಾಗೇ. ಇದನ್ನು ಬೆಳಿಗ್ಗೆಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸಾಹೇಬರ ನಾಯಿಗೆ ನಿಯಮವಿಲ್ಲ, ಸರಿ. ನಮಗಿದೆ, ಸರಿ. ಅವರು ನಿಯಮ ಮುರಿದದ್ದು ಹೆದರಿಕೆಯಿಂದ, ನಮ್ಮ ವಿಷಯದಲ್ಲಿ ಪಾಲಿಸಿದ್ದು ನಿಯತ್ತಿನಿಂದ. ಹಾಗೆಂದುಕೊಂಡರೆ ಹೇಗೋ ನುಂಗಬಹುದು.

ಹಾಸಿಗೆಯನ್ನು ಅಮ್ಮನ ಕೋಣೆಗೆ ಹಾಕಿಕೊಂಡಿದ್ದೇನೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಮೇ 2

ಪತ್ರಿಕೆಯಲ್ಲಿ ಬಂದಿದೆ. ಡ್ಯೂಟಿಯಲ್ಲಿಲ್ಲದಾಗ ಪೊಲೀಸರು ಮನೆಗೆ ಕೊಟ್ಟ ಗಾಡಿಗಳನ್ನು ಎಲ್ಲೆಲ್ಲಿಗೆ ಒಯ್ಯುತ್ತಾರೆ ಎಂದು ಯಾರೋ ತಿಂಗಳುಗಟ್ಟಲೆ ಹಿಂದೆ ಬಿದ್ದು ಫೋಟೋ ತೆಗೆದಿದ್ದಾರೆ. ಒಂದು ಗಾಡಿ ಈಜುಕೊಳದ ಮುಂದೆ, ಒಂದು ಮದುವೆ ಹಾಲಿನ ಮುಂದೆ, ಇನ್ನೊಂದರ ತಲೆಯ ಮೇಲೆ ಮಂಚ ಕಟ್ಟಿದೆ. ಅದನ್ನು ನೋಡಿ ನಕ್ಕುಬಿಟ್ಟೆ. ಕೊನೆಯದು ನಮ್ಮ ಗಾಡಿ. ದೊಡ್ಡಾಸ್ಪತ್ರೆಯ ಓಣಿ, ಶನಿವಾರ. ಹಿಂದಿನಿಂದ ತೆಗೆದದ್ದು, ನಂಬರ್ ಕಾಣುತ್ತದೆ, ಹಸಿರು ಬಾಗಿಲು ಕಾಣುವುದಿಲ್ಲ.

ಎಲ್ಲರ ಮೇಲೂ ವಿಚಾರಣೆಯಂತೆ. ತಪ್ಪು ಎಂದು ಕಂಡರೆ ಸಸ್ಪೆಂಡ್. ದೊಡ್ಡ ಸಾಹೇಬರನ್ನು ಕಾಣಲು ಅವರು ಬೆಳಿಗ್ಗೆಯೇ ಓಡಿದ್ದರು. ಯಾವ ನಾಯಿ ಎಂದು ಕೇಳಿದರಂತೆ ಸಾಹೇಬರು.

ಮನೆಗೆ ಬಂದು ಕುರ್ಚಿಯಲ್ಲಿ ಕೂತವರು ಶೂ ಕೂಡ ಬಿಚ್ಚಲಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಯ್ಯೋ ಅನ್ನಿಸಿತು. ಶೂ ನಾನೇ ಬಿಚ್ಚಿದೆ.

ಮೇ 5

ಇದನ್ನು ಹೇಗೆ ಬರೆಯಲಿ. ನಡೆದದ್ದು ನಡೆದ ಹಾಗೇ ಬರೆಯುತ್ತೇನೆ.

ಠಾಣೆಯಿಂದ ಬಂದಾಗ ಅವರ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು. ನನ್ನನ್ನು ಅಡುಗೆಮನೆಯಿಂದ ಕರೆದು ಎದುರಿಗೆ ಕೂರಿಸಿಕೊಂಡರು. ದಾರಿ ಸಿಕ್ಕಿದೆ ಅಂದರು. ಫೋಟೋ ತೆಗೆದದ್ದು ಶನಿವಾರ. ಶನಿವಾರ ಅಮ್ಮನಿಗೆ ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ. ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ ಎಂದರೆ ಎಲ್ಲ ಸರಿಹೋಗುತ್ತದೆ. ವಿಚಾರಣೆಗೆ ಬಂದು ನಾನು ಹೌದು ಅಂದರೆ ಸಾಕು.

ಅದೂ ತಪ್ಪೇ ತಾನೇ, ಮನೆಯವರನ್ನು ಕೂರಿಸುವ ಹಾಗಿಲ್ಲವಲ್ಲ, ಇನ್ನೊಂದು ತಪ್ಪನ್ನು ಯಾಕೆ ತಲೆ ಮೇಲೆ ಎಳೆದುಕೊಳ್ಳುತ್ತೀರಿ ಅಂದೆ. ದೇವರಾಣೆಗೂ ಅವರ ಒಳ್ಳೆಯದಕ್ಕೇ ಕೇಳಿದೆ.

"ಇಲ್ಲ ಕಣೇ. ಹುಷಾರಿಲ್ಲದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ತಪ್ಪಿಲ್ಲ. ಮನೆಯವರಾದ್ರೂ ಸರಿ. ಕಂಟ್ರೋಲ್ ರೂಮಿಗೆ ಒಂದು ಮಾತು ಹೇಳಿದ್ರೆ ಆಯ್ತು. ನಿಯಮದಲ್ಲೇ ಇದೆ."

"ಯಾವಾಗಿಂದ?"

"ಮೊದಲಿಂದಾನೂ ಇದೆ."

ಹೇಳಿ ಮುಗಿಸಿದ ಮೇಲೂ ತಾವು ಏನು ಹೇಳಿದೆವು ಎಂದು ಅವರಿಗೆ ಗೊತ್ತಾಗಲಿಲ್ಲ. ನನ್ನ ಮುಖ ನೋಡುತ್ತಲೇ ಇದ್ದರು, ನಾನು ಸಂತೋಷಪಡುತ್ತೇನೆ ಎಂದು ಕಾಯುತ್ತಾ. ಆಮೇಲೆ ಗೊತ್ತಾಯಿತು. ಆಮೇಲೆ ಬಾಯಿಗೆ ಬಂದದ್ದೆಲ್ಲ ಹೇಳಿದರು. ಅವತ್ತು ಅಷ್ಟು ಸೀರಿಯಸ್ ಎಂದು ಗೊತ್ತಿರಲಿಲ್ಲ. ಬರೀ ನಿಶ್ಶಕ್ತಿ ಎಂದುಕೊಂಡೆ. ಯಾರಾದರೂ ನೋಡಿ ಸಾಹೇಬರಿಗೆ ಚಾಡಿ ಹೇಳಿದರೆ, ಬಡ್ತಿಯ ಹೊತ್ತು. ಕಂಟ್ರೋಲ್ ರೂಮಿಗೆ ಫೋನ್ ಮಾಡಿದರೆ ಹೆಸರು ಬರೆದುಕೊಳ್ಳುತ್ತಾರೆ. ಟ್ಯಾಕ್ಸಿ ಈಗ ಬರುತ್ತದೆ ಎಂದುಕೊಂಡೆ, ನಿನ್ನಾಣೆ.

ನಾನು ಅಡುಗೆಮನೆಗೆ ಹೋದೆ. ಅನ್ನ ತಳ ಹಿಡಿದಿತ್ತು.

ಒಂದು ಫೋನ್. ಒಂದು ಮಾತು. ನಾನು ಮೂರ್ಖಳ ಹಾಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಇವನ ನಿಯತ್ತಿನ ಭಜನೆ ಮಾಡಿದೆ. ಆ ಟ್ಯಾಕ್ಸಿಯವನನ್ನು ಎಷ್ಟು ಬೈದಿದ್ದೇನೆ. ಅವನು ಬಂದನಾದರೂ.

ಮೇ 6

ಅಮ್ಮನಿಗೆ ಎಲ್ಲ ಕೇಳಿಸಿದೆ. ಗೋಡೆ ತೆಳ್ಳಗಿದೆ.

ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ಹೌದು ಅಂದುಬಿಡು ಅಂದಳು. ಹುಡುಕಿ ಹುಡುಕಿ, ನಿಲ್ಲಿಸಿ ನಿಲ್ಲಿಸಿ. ಅಳಿಯಂದಿರ ಕೆಲಸ ಹೋಗಬಾರದು. ನನ್ನ ಕೈ ಹೇಗಿದ್ದರೂ ಬರುವುದಿಲ್ಲ. ಮನೆ ಒಡೆಯಬೇಡ. ಅವಳು ಇಷ್ಟು ಉದ್ದ ಮಾತಾಡಿದ್ದು ಕಾಯಿಲೆ ಬಿದ್ದ ಮೇಲೆ ಇದೇ ಮೊದಲು. ಅದೂ ಅವನಿಗಾಗಿ.

ನಿನಗೆ ಸಿಟ್ಟಿಲ್ಲವೇನಮ್ಮಾ ಎಂದು ಕೇಳಿದೆ. ಬಾಚಣಿಗೆ ಎಳೆಯುತ್ತದೆ, ಮೆಲ್ಲಗೆ ಬಾಚು ಅಂದಳು.

ಮೇ 8

ಅವನು ದಿನಕ್ಕೆ ಹತ್ತು ಸಲ ಕೇಳುತ್ತಾನೆ, ಏನು ಹೇಳುತ್ತೀಯ. ನಾನು ಒಗೆದ ಬಟ್ಟೆ ಮಡಿಸುತ್ತೇನೆ.

ಸಂಜೆ ಅಮ್ಮನ ಕಾಲಿನ ಹತ್ತಿರ ಕೂತು ಅತ್ತ. ನಿಜವಾಗಿಯೇ ಅತ್ತ, ನಾಟಕವಲ್ಲ. ಅಮ್ಮ ಎಡಗೈಯನ್ನು ಅವನ ತಲೆಯ ಮೇಲಿಟ್ಟಳು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಕರುಳು ಚುರುಕ್ ಅನ್ನಬೇಕಿತ್ತು. ಹಾಲು ಉಕ್ಕುತ್ತದೆ ಎಂದು ಒಳಗೆ ಬಂದೆ.

ಸಸ್ಪೆಂಡ್ ಆದರೆ ಮನೆ ನನ್ನ ಸಂಬಳದಲ್ಲಿ ನಡೆಯಬೇಕು. ಗೊತ್ತಿದೆ.

ಮೇ 10

ವಿಚಾರಣೆಯ ಅಧಿಕಾರಿ ಹೆಂಗಸು, ನನ್ನದೇ ವಯಸ್ಸಿರಬಹುದು. ಕನ್ನಡಕ ಜಾರಿ ಜಾರಿ ಮೂಗಿನ ತುದಿಗೆ ಬರುತ್ತಿತ್ತು, ಒಂದು ಸ್ಕ್ರೂ ಬಿಗಿ ಮಾಡಿದರೆ ಸಾಕಿತ್ತು. ಅದನ್ನೇ ನೋಡುತ್ತಾ ಕೂತಿದ್ದೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಿಗಿಯಾಗಿ ಹಿಡಿದಿದ್ದೆ.

ಫೋಟೋ ತೋರಿಸಿದರು. ಆ ಶನಿವಾರ ನಿಮ್ಮ ತಾಯಿ ಈ ಗಾಡಿಯಲ್ಲಿ ಆಸ್ಪತ್ರೆಗೆ ಬಂದಿದ್ದರು ಎಂದು ನಿಮ್ಮ ಯಜಮಾನರು ಹೇಳಿಕೆ ಕೊಟ್ಟಿದ್ದಾರೆ, ನಿಜವೇ ಎಂದು ಕೇಳಿದರು. ಬಹಳ ಮೃದುವಾಗಿ ಕೇಳಿದರು. ಹೌದು ಎನ್ನುವ ಉತ್ತರವನ್ನು ಆಗಲೇ ಬರೆದುಕೊಳ್ಳಲು ಪೆನ್ನು ಎತ್ತಿದ್ದರು.

"ನನ್ನ ಅಮ್ಮ ಆ ಗಾಡೀಲಿ ಒಂದು ದಿನಾನೂ ಕೂತಿಲ್ಲ."

ಪೆನ್ನು ಹಾಗೇ ನಿಂತಿತು. ಹಾಗಾದರೆ ಗಾಡಿ ಅಲ್ಲಿ ಯಾಕಿತ್ತು ಅಂದರು. ನಾಯಿ ಡಾಕ್ಟರ ಬಾಗಿಲೂ ಅದೇ ಓಣಿಯಲ್ಲಿದೆ, ನಾಯಿ ಯಾರದು ಎಂದು ನನ್ನ ಗಂಡನನ್ನೇ ಕೇಳಿ, ಹೆದರದೆ ಹೇಳಲಿ ಅಂದೆ. ಆಮೇಲೆ ಅವರು ಕೇಳದೆ ಇದ್ದದ್ದನ್ನೂ ಹೇಳಿದೆ. ಮಾರ್ಚಿನ ಆ ಬೆಳಿಗ್ಗೆಯದು. ಲೋಟ ಬಿದ್ದದ್ದು, ಬಾಯಿ ವಾಲಿದ್ದು, ಅಮ್ಮ ಗಾಡಿಯ ಮೇಲೆ ಕೈ ಊರಿ ನಿಂತು ಟ್ಯಾಕ್ಸಿಗೆ ಕಾದದ್ದು. ಅವರು ಎಲ್ಲವನ್ನೂ ಬರೆದುಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ಅವಕಾಶವಿತ್ತಲ್ಲಮ್ಮಾ, ಅವರಿಗೆ ಗೊತ್ತಿರಲಿಲ್ಲವೇ ಎಂದು ಕೇಳಿದರು. ಗೊತ್ತಿತ್ತು ಅಂದೆ.

ಹೊರಗೆ ಬಂದರೆ ಅವನು ಗಾಡಿಯ ಪಕ್ಕದಲ್ಲಿ ನಿಂತಿದ್ದ. ನಾನು ಅಳುತ್ತಿರಲಿಲ್ಲ, ಅದನ್ನು ಅವನು ಬೇರೆ ರೀತಿ ಅರ್ಥ ಮಾಡಿಕೊಂಡ. ಗೆಲುವಾಗಿ ಮುಂದಿನ ಬಾಗಿಲು ತೆಗೆದ.

"ಕೂತ್ಕೋ. ಮನೆಗೆ ಬಿಡ್ತೀನಿ."

ಒಳಗೆ ಹೇಳಿದ್ದನ್ನು ಅವನಿಗೆ ಹೇಳಿದೆ. ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿದ. ನೀನೇ ಹೀಗೆ ಕತ್ತು ಕೊಯ್ಯುತ್ತೀಯ ಅಂದುಕೊಂಡಿರಲಿಲ್ಲ ಅಂದ. ಮೋಸ ಎನ್ನುವ ಪದ ಅವನ ಬಾಯಿಂದಲೇ ಬಂತು. ಬಸ್ ಸ್ಟಾಪಿನ ಕಡೆ ನಡೆದೆ.

ಮನೆಗೆ ಬಂದಾಗ ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಪಕ್ಕದ ಮನೆ ಅಕ್ಕ ನನ್ನ ಮುಖ ನೋಡಿ ಏನೂ ಕೇಳದೆ ಎದ್ದು ಹೋದರು. ಅಮ್ಮನ ಎದುರು ಕೂತೆ. ಇವಳಿಗೆ ಏನೆಂದು ಹೇಳಲಿ, ಮನೆ ಒಡೆಯಬೇಡ ಅಂದಿದ್ದಳು. ಹೌದು ಅನ್ನಲಿಲ್ಲಮ್ಮಾ, ನೀನು ಅದರಲ್ಲಿ ಕೂತಿಲ್ಲ ಎಂದು ಹೇಳಿಬಿಟ್ಟೆ ಅಂದೆ. ಬೈಯುತ್ತಾಳೆ ಎಂದು ಕಾದೆ.

ಅಮ್ಮ ಬಹಳ ಹೊತ್ತು ಪದ ಹುಡುಕಿದಳು. ತುಟಿ ಅಲ್ಲಾಡುತ್ತಿತ್ತು.

"ನಾನು... ಗಾಡಿ ಪಕ್ಕಾನೇ... ನಿಂತಿದ್ದೆ. ಅದನ್ನೂ ಹೇಳಿದ್ಯಾ?"

"ಹೇಳಿದೆ ಅಮ್ಮಾ."

"ಬರ್ಕೊಂಡ್ರಾ?"

"ಬರ್ಕೊಂಡ್ರು."

ಅಮ್ಮ ಕಣ್ಣು ಮುಚ್ಚಿಕೊಂಡಳು. ಎರಡು ತಿಂಗಳಿಂದ ಒಂದು ಹನಿ ಕಣ್ಣೀರು ಹಾಕದವಳು, ಇವತ್ತು ಅಳು ನಿಲ್ಲುವವರೆಗೂ ಅತ್ತಳು. ನಾನು ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಹಸಿವು ಅಂದಳು.